ಗೆರೆ ಮುಟ್ಟಿದ ಅಟ್ಟಿ

ಮೊದಲ ದಿನ ಕೆಲಸಕ್ಕೆ ಹೋದ ಮಗಳು ಮನೆಗೆ ಬರುವ ಮುಂಚೆಯೇ ಸುದ್ದಿ ಬಂದಿತ್ತು. ಲಾಂಡ್ರಿಯ ವ್ಯಾನ್ ಡ್ರೈವರು ಓಣಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ, ನಲ್ಲಿಯ ಹತ್ತಿರ ನಿಂತಿದ್ದ ಅವಳ ಅಮ್ಮನಿಗೆ ಕೇಳಲಿ ಎಂದು ಕೂಗಿ ಹೇಳಿದ: "ಅಮ್ಮಾ, ನಿಮ್ಮ ಮಗಳು ಮೊದಲನೇ ದಿನಾನೇ ಗೆರೆ ದಾಟಿಬಿಟ್ಲು!" ಅಮ್ಮನ ಕೈಯ ಬಿಂದಿಗೆ ಅಲ್ಲೇ ಜಾರಿತು. ನೀರಿಗೆ ನಿಂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಣ್ಯಾತ್ಮ ಅಷ್ಟು ಹೇಳಿ ಹಲ್ಲು ಕಿರಿದು ಹೊರಟೇ ಹೋದ.

ಮಗಳು ಬಂದಾಗ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಯಾರವನು? ಒಳಗೆ ಕಾಲಿಡೋಕೆ ಮುಂಚೆ ಹೇಳು, ಯಾರವನು?"

"ಯಾವನಮ್ಮ?"

"ಗೆರೆ ದಾಟಿದ್ಯಂತಲ್ಲ! ಊರಿಗೆಲ್ಲ ಗೊತ್ತು, ಹೆತ್ತೋಳಿಗೆ ಗೊತ್ತಿಲ್ಲ!"

ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಆದಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತ ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಲಾಂಡ್ರಿಯಲ್ಲಿ ಗೆರೆ ದಾಟುವುದು ಎಂದರೆ ಹೊಗಳಿಕೆ ಎಂದು ಅಮ್ಮನಿಗೆ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಅಕ್ಕಪಕ್ಕದ ಮನೆಯವರಿಗೆ ತಿಳಿಸಲು ಅಮ್ಮನಿಗೆ ಇನ್ನೂ ಹೆಚ್ಚು ದಿನ ಹಿಡಿಯಿತು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಕೆಳಗೆ ಒಗೆಯುವ ಯಂತ್ರಗಳು, ಹಿಂಡುವ ಯಂತ್ರಗಳು, ಒಣಗಿಸುವ ಡ್ರಮ್ಮುಗಳು. ಮೇಲಿನ ಉದ್ದನೆಯ ಕೋಣೆಯಲ್ಲಿ ಹಬೆಯಿಂದ ಕಾಯುವ ಎರಡು ರೋಲರುಗಳು. ಒಂದೊಂದು ರೋಲರಿನ ಮುಂದೆ ಇಬ್ಬಿಬ್ಬರು ಹೆಂಗಸರು ನಿಂತು, ಬೆಡ್‌ಶೀಟಿನ ಒಂದೊಂದು ಮೂಲೆ ಹಿಡಿದು, ಸುಕ್ಕಿಲ್ಲದಂತೆ ಎಳೆದು ಒಳಗೆ ಕೊಡಬೇಕು. ಆ ಕಡೆಯಿಂದ ಬಿಸಿಬಿಸಿ ಇಸ್ತ್ರಿಯಾಗಿ ಬಂದದ್ದನ್ನು ಮಡಿಸುವ ಮೇಜಿಗೆ ತರಬೇಕು. ಮಡಿಸಿದ್ದನ್ನು ಗೋಡೆಗೆ ಒತ್ತಿದ ಹಲಗೆಯ ಮೇಲೆ ಅಟ್ಟಿ ಪೇರಿಸಬೇಕು. ಆ ಗೋಡೆಯ ಮೇಲೆ, ಆಳೆತ್ತರಕ್ಕೆ, ಒಂದು ಕೆಂಪು ಗೆರೆ. ಯಜಮಾನರ ತಂದೆ ಎಂದೋ ತಮ್ಮ ಕೈಯಾರೆ ಎಳೆದದ್ದು. ಸಂಜೆ ಅಟ್ಟಿ ಆ ಗೆರೆ ಮುಟ್ಟಿದರೆ ದಿನ ಚೆನ್ನಾಗಿತ್ತು, ದಾಟಿದರೆ ಬಹಳ ಚೆನ್ನಾಗಿತ್ತು, ಮುಟ್ಟದಿದ್ದರೆ ಎಲ್ಲರೂ ಉಳಿದು ದುಡಿಯಬೇಕು. ಅಷ್ಟೇ ಕಾನೂನು. "ಊಟ ಆಯ್ತಾ" ಎಂದು ಕೇಳುವ ಹಾಗೆ ಅಲ್ಲಿನವರು "ಗೆರೆ ಮುಟ್ತಾ" ಎಂದು ಕೇಳುತ್ತಿದ್ದರು.

ಯಜಮಾನರು ಕೆಟ್ಟವರಲ್ಲ. ಯಾರಾದರೂ ಕಾಯಿಲೆ ಬಿದ್ದರೆ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ಆದರೆ ಸಂಜೆ ಮೇಲೆ ಬಂದು, ಕತ್ತೆತ್ತಿ ಗೆರೆ ನೋಡಿ, "ಮುಟ್ಟಿದೆಯಲ್ಲ, ಸಾಕಪ್ಪ" ಎಂದು ಹೇಳಿ ಇಳಿದುಹೋಗುವುದು ಬಿಟ್ಟರೆ ಅವರ ತಲೆಗೆ ಬೇರೇನೂ ಹೋಗುತ್ತಿರಲಿಲ್ಲ. ಕಿಟಕಿಯ ಗಾಜು ಒಡೆದಿದೆ ಎನ್ನಿ: ಗೆರೆ ಮುಟ್ಟಿದೆಯಲ್ಲ, ಸಾಕಪ್ಪ. ಫ್ಯಾನು ತಿರುಗುತ್ತಿಲ್ಲ ಎನ್ನಿ: ಗೆರೆ ಮುಟ್ಟಿದೆಯಲ್ಲ, ಸಾಕಪ್ಪ. ಹೆಂಗಸರು ಅವರಿಗೆ ಇಟ್ಟ ಹೆಸರೇ ಸಾಕಪ್ಪ.

ನಮ್ಮ ಹುಡುಗಿಗೂ ಅಲ್ಲೇ ಒಂದು ಹೆಸರು ಬಿತ್ತು. ಉಬ್ಬಕ್ಕ. ಅವಳ ಗಲ್ಲ ದುಂಡಗಿತ್ತು, ಅದಕ್ಕೇ ಈ ಹೆಸರು ಎಂದು ಸಾಕಪ್ಪನವರು ಕೊನೆಯವರೆಗೂ ತಿಳಿದಿದ್ದರು. ನಿಜ ಬೇರೆ. ರೋಲರುಗಳಿಗೆ ವಯಸ್ಸಾಗಿತ್ತು, ಶೀಟುಗಳು ನಿಧಾನಕ್ಕೆ ಬರುತ್ತಿದ್ದವು, ಗೆರೆ ಮಾತ್ರ ಇದ್ದಲ್ಲೇ ಇತ್ತು. ಮಡಿಸುವ ಮೇಜಿನಲ್ಲಿದ್ದ ಒಬ್ಬ ದೊಡ್ಡಮ್ಮ ಸೊಂಟ ಹಿಡಿದುಕೊಂಡು ಸಂಜೆಯ ಮೇಲೂ ನಿಲ್ಲಲಾರದೆ ಅತ್ತ ದಿನ, ಇವಳಿಗೆ ಒಂದು ಉಪಾಯ ಹೊಳೆಯಿತು. ಶೀಟು ಮಡಿಸಿದಾಗ ಮೊಳಕೈಯಿಂದ ಒತ್ತಿ ಗಾಳಿ ಹೊರಗೆ ಹಾಕುವುದು ಪದ್ಧತಿ. ಇವಳು ಒತ್ತಲಿಲ್ಲ. ಕೊನೆಯ ಮಡಿಕೆಯಲ್ಲಿ ಮಣಿಕಟ್ಟನ್ನು ಹೀಗೊಂದು ಸಲ ತಿರುಗಿಸಿ, ಒಳಗೆ ಒಂದು ಹಿಡಿ ಗಾಳಿ ಉಳಿಸಿ ಇಟ್ಟಳು. ನೋಡಲು ಅಚ್ಚುಕಟ್ಟು, ಅಂಚಿಗೆ ಅಂಚು. ಅಟ್ಟಿ ಮಾತ್ರ ಕಣ್ಣೆದುರೇ ಏರಿತು. ಅಂದು ದೊಡ್ಡಮ್ಮ ಹೊತ್ತಿಗೆ ಸರಿಯಾಗಿ ಮನೆಗೆ ಹೋದಳು. ಆ ಕೋಣೆಯ ಹೆಂಗಸರೆಲ್ಲರಿಗೂ ಇದು ಗೊತ್ತಿತ್ತು, ಒಬ್ಬಳೂ ಬಾಯಿ ಬಿಡಲಿಲ್ಲ. ಉಬ್ಬಿಸಿ ಮಡಿಸುವುದರಲ್ಲಿ ಉಬ್ಬಕ್ಕನದು ಎತ್ತಿದ ಕೈ. ಮಿಕ್ಕ ಶೀಟುಗಳು ಹಿಂದಿನ ಕೋಣೆಯಲ್ಲಿ ನಾಳೆಗೆ ಕಾಯುತ್ತಿದ್ದವು, ಆಸ್ಪತ್ರೆಯವರು ಗೊಣಗಿಕೊಂಡು ಸುಮ್ಮನಾಗುತ್ತಿದ್ದರು. ವರ್ಷಗಳು ಹಾಗೇ ಉರುಳಿದವು. ಸಾಕಪ್ಪನವರ ನೆಮ್ಮದಿಯ ಒಳಗೆ ಎಷ್ಟು ಗಾಳಿ ಇದೆ ಎಂದು ಅವರಿಗೆ ತಿಳಿಯಲೇ ಇಲ್ಲ.

ಉಬ್ಬಕ್ಕ ಮದುವೆಯಾಗಲಿಲ್ಲ. ಅಮ್ಮ ಕೇಳಿದಾಗಲೆಲ್ಲ "ಚಿಕ್ಕೋಳದು ಆಗ್ಲಿ ಮೊದಲು" ಎನ್ನುವಳು. ಚಿಕ್ಕವಳು ಎಂದರೆ ತಂಗಿ. ಅಪ್ಪ ತೀರಿಕೊಂಡ ವರ್ಷ ಅದಿನ್ನೂ ಅಂಬೆಗಾಲಿಡುತ್ತಿತ್ತು. ಅಕ್ಕನೇ ಮೀಸಿದಳು, ಅಕ್ಕನೇ ಉಣಿಸಿದಳು, ಬೈದವಳೂ ಅಕ್ಕನೇ. ಆ ತಂಗಿಯ ಬಾಯಿಯೋ ಬಾಯಿ! ಕೂತರೆ ಒಂದು ಚಟಾಕಿ, ನಿಂತರೆ ಒಂದು ಚಟಾಕಿ. ಓಣಿಯೇ ಅವಳನ್ನು ಚಟಾಕಿ ಎಂದು ಕರೆಯಿತು. ಒಂದು ಗುಟ್ಟನ್ನು ಬೆಳಿಗ್ಗೆ ಅವಳ ಕಿವಿಗೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಅದು ನಾಲ್ಕು ಬೀದಿ ಸುತ್ತಿ ವಾಪಸು ನಿಮ್ಮ ಕಿವಿಗೇ ಬರುತ್ತಿತ್ತು. ಅವಳು ದೊಡ್ಡವಳಾಗಿ, ಅಕ್ಕನ ಹಿಂದೆಯೇ ಲಾಂಡ್ರಿಗೆ ಬಂದು, ಎರಡನೇ ರೋಲರಿನ ಮುಂದೆ ನಿಂತಳು.

ಆ ರೋಲರಿನ ಬಾಯಿಗೆ ಅಡ್ಡವಾಗಿ ಒಂದು ತೆಳು ಪಟ್ಟಿ ಇತ್ತು. ಬೆರಳು ಒಳಗೆ ಹೋಗುವ ಮುಂಚೆ ಆ ಪಟ್ಟಿಗೆ ತಾಗಬೇಕು, ತಾಗಿದ ಕೂಡಲೇ ಯಂತ್ರ ನಿಲ್ಲಬೇಕು. ಒಂದು ದಿನ ಚಟಾಕಿಯ ರವಿಕೆಯ ತೋಳಿನ ಅಂಚು ಶೀಟಿನ ಜೊತೆ ಸಿಕ್ಕಿಕೊಂಡಿತು. ಕೈ ಪಟ್ಟಿಗೆ ಬಡಿಯಿತು. ರೋಲರು ನಿಲ್ಲಲಿಲ್ಲ. ಇನ್ನೂ ಒಂದು ಸುತ್ತು ಹೊರಳಿ, ಆಮೇಲೆ ಕರ್‍ರೆಂದು ನಿಂತಿತು. ತೋಳು ಹರಿದದ್ದರಿಂದ ಕೈ ಉಳಿಯಿತು. ಮೇಜಿನ ಹತ್ತಿರದಿಂದ ನೋಡುತ್ತಿದ್ದ ಅಕ್ಕನಿಗೆ ಕೈಯಲ್ಲಿದ್ದ ಶೀಟು ನೆಲಕ್ಕೆ ಬಿದ್ದದ್ದೂ ಗೊತ್ತಾಗಲಿಲ್ಲ. ಆ ಚಟಾಕಿ ಮಾತ್ರ ಹರಿದ ತೋಳನ್ನು ಎತ್ತಿ ತೋರಿಸಿ, "ನೋಡ್ರೇ, ಸಾಕಪ್ಪನ ರೋಲರಿಗೂ ನನ್ನ ರವಿಕೆ ಮೇಲೆ ಕಣ್ಣು!" ಎಂದು ಎಲ್ಲರನ್ನೂ ನಗಿಸಿದಳು.

ಮೆಕ್ಯಾನಿಕ್ ಅಣ್ಣ ಬಂದು ಬಗ್ಗಿ ನೋಡಿದ. ಲಾಂಡ್ರಿಯ ಯಂತ್ರಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಅವನೇ. "ಪಟ್ಟಿ ಮುಟ್ಟಿದ್ರೆ ತಟ್ಟಂತ ನಿಲ್ಬೇಕು. ಇದು ಕೂತು ಯೋಚನೆ ಮಾಡಿ ನಿಲ್ಲುತ್ತೆ" ಎಂದ. ರಿಪೇರಿಗೆ ಬಗ್ಗುವ ಸ್ಥಿತಿ ದಾಟಿದೆ, ಎರಡೂ ರೋಲರು ಬದಲಾಯಿಸಬೇಕು, ಹಬೆಯ ಪೈಪು ಕತ್ತರಿಸಿ ಹೊಸದು ಹಾಕಬೇಕು, ಅಷ್ಟು ದಿನ ಅರ್ಧ ಕೆಲಸ ನಿಲ್ಲುತ್ತದೆ ಎಂದ.

ಅವನೂ ಉಬ್ಬಕ್ಕನೂ ಜೊತೆಯಾಗಿ ಯಜಮಾನರ ಹತ್ತಿರ ಹೋದರು. ಸಾಕಪ್ಪನವರು ಎಲ್ಲವನ್ನೂ ಕೇಳಿದರು. ಕೇಳಿ, ಅವರನ್ನು ಮೇಲಕ್ಕೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದರು.

"ಇದೇನು?"

"ಗೆರೆ."

"ಅಟ್ಟಿ ಎಲ್ಲಿದೆ?"

"ಗೆರೆ ಹತ್ರ ಇದೆ, ಆದ್ರೆ..."

"ಮುಟ್ಟಿದೆಯಲ್ಲ. ಓಡ್ತಿರೋ ಯಂತ್ರಾನ ಕಿತ್ತು, ಆಸ್ಪತ್ರೆಯವರು ಬೇರೆ ಲಾಂಡ್ರಿ ಹುಡುಕ್ಕೊಂಡ್ರೆ ನಿಮ್ಮೆಲ್ಲರ ಗತಿ ಏನು? ಸ್ವಲ್ಪ ಹುಷಾರಾಗಿ ಕೆಲಸ ಮಾಡೋಕೆ ಹೇಳಿ ಹುಡುಗೀಗೆ. ಸಾಕಪ್ಪ, ಈ ಮಾತು ಇಲ್ಲಿಗೇ ಸಾಕು."

ಮೆಟ್ಟಿಲು ಇಳಿಯುವಾಗ ಮೆಕ್ಯಾನಿಕ್ ಅಣ್ಣ ಕೈ ಒರೆಸಿಕೊಳ್ಳುತ್ತ ಹೇಳಿದ: "ಅವರು ಜಿಪುಣರಲ್ಲ ಕಣಮ್ಮ. ಅಟ್ಟಿ ಗೆರೆ ಹತ್ರ ಇರೋವರೆಗೂ ಒಂದು ಸ್ಕ್ರೂ ತಿರುಗಿಸೋಕೂ ಹೆದರ್ತಾರೆ, ಅಷ್ಟೆ. ಅದೇ ಅಟ್ಟಿ ಕೆಳಗಿಳೀಲಿ, ಆಗ ನೋಡು ಅವರ ಧೈರ್ಯ. ಗೋಡೆ ಒಡೀಬೇಕು ಅಂದ್ರೂ ಒಡಿಸ್ತಾರೆ. ಒಣಗಿಸೋ ಡ್ರಮ್ಮು ಹೊಸದು ಬಂದಿದ್ದು ಯಾವಾಗ? ಅಟ್ಟಿ ಸೊಂಟದ ಮಟ್ಟಕ್ಕೆ ಬಿದ್ದಿತ್ತಲ್ಲ, ಆ ವರ್ಷ. ಈಗ ಎಲ್ಲಿ ಬೀಳುತ್ತೆ ಬಿಡು, ದಿನಾ ಮುಟ್ಟುತ್ತೆ."

ಅವನು ಇಳಿದುಹೋದ. ಉಬ್ಬಕ್ಕ ಅಲ್ಲೇ, ಮೆಟ್ಟಿಲ ನಡುವೆ, ಗರ ಬಡಿದವಳಂತೆ ನಿಂತುಬಿಟ್ಟಳು. ದಿನಾ ಮುಟ್ಟುತ್ತೆ. ಯಾಕೆ ಮುಟ್ಟುತ್ತೆ? ತನ್ನ ಕೈಯಿಂದ ಮುಟ್ಟುತ್ತೆ! ದೊಡ್ಡಮ್ಮನ ಸೊಂಟ ನೋಡಲಾರದೆ ಶುರು ಮಾಡಿದ್ದು, ಇಷ್ಟು ವರ್ಷ ಆ ಮುದಿ ರೋಲರಿನ ಮುಪ್ಪನ್ನೆಲ್ಲ ಮುಚ್ಚಿಟ್ಟಿದೆ. ಯಜಮಾನರ ಕಣ್ಣಿಗೆ ಪಟ್ಟಿ ಕಟ್ಟಿದವರು ಬೇರೆ ಯಾರೂ ಅಲ್ಲ. ಅಯ್ಯೋ ನನ್ನ ಕೈಗೆ ಬೆಂಕಿ ಬೀಳ ಎಂದು ತನಗೆ ತಾನೇ ಶಾಪ ಹಾಕಿಕೊಂಡಳು. ಬೈದುಕೊಂಡು ಸುಮ್ಮನಾಗುವ ಪೈಕಿ ಅವಳಲ್ಲ. ಮರುದಿನದಿಂದ ಮೊಳಕೈ ಒತ್ತಿ ಮಡಿಸಲು ಶುರು ಮಾಡಿದಳು. ಗಾಳಿ ಹೊರಗೆ, ಮಡಿಕೆ ಚಪ್ಪಟೆ.

ಹೆಂಗಸರು ಕೇಳದೆ ಇರುತ್ತಾರೆಯೇ? "ಏನೇ ಉಬ್ಬಕ್ಕ, ಕೈ ಮರೆತುಹೋಯ್ತಾ?" ಎಂದರು. ನಿಜ ಹೇಳಿದರೆ ಚಟಾಕಿಯ ಕಿವಿಗೆ ಬೀಳುತ್ತದೆ, ಅವಳ ಕಿವಿಗೆ ಬಿದ್ದರೆ ಸಾಕಪ್ಪನವರ ಕಿವಿಗೆ ಬಿದ್ದ ಹಾಗೇ. ಅದಕ್ಕೇ ಒಂದು ಸುಳ್ಳು ಹೇಳಿದಳು: "ಮಣಿಕಟ್ಟು ಹಿಡ್ಕೊಂಡಿದೆ ಕಣ್ರೇ. ತಿರುಗಿಸೋಕೇ ಆಗ್ತಿಲ್ಲ." ಸಂಜೆ ಎಲ್ಲರೂ ಉಳಿದು ದುಡಿದರು. ಅವರ ಮುಖ ನೋಡಲಾರದೆ ಅವಳು ಮೇಜನ್ನೇ ನೋಡುತ್ತ ಮಡಿಸಿದಳು. ಇನ್ನು ಸ್ವಲ್ಪ ದಿನ, ಇನ್ನು ಸ್ವಲ್ಪವೇ ದಿನ ಎಂದು ಮನಸ್ಸಿಗೆ ಹೇಳಿಕೊಂಡಳು.

ಅಟ್ಟಿ ಗೆರೆಯಿಂದ ಗೇಣು ಕೆಳಗಿಳಿಯಿತು. ಸಾಕಪ್ಪನವರು ಮೊದಲ ಸಂಜೆ ಕಣ್ಣು ಉಜ್ಜಿಕೊಂಡು ನೋಡಿದರು. ಮಾರನೆಯ ದಿನ ಹೆಂಗಸರು ಕೇಳುತ್ತಿದ್ದ ರೇಡಿಯೋ ನಿಲ್ಲಿಸಿದರು. ಆಮೇಲೆ ಹೆಂಗಸರು ಮಾತಾಡುವುದು ಹೆಚ್ಚಾಯಿತು ಎಂದರು, ಆಮೇಲೆ ಸಾಬೂನಿನ ಪುಡಿ ಸರಿಯಿಲ್ಲ ಎಂದರು, ಆಮೇಲೆ ಕೋಣೆಯ ಬಲ್ಬುಗಳನ್ನೆಲ್ಲ ಬದಲಾಯಿಸಿದರು. ಅಟ್ಟಿ ಏಳಲಿಲ್ಲ. ಅವರಿಗೆ ಊಟ ಸೇರುತ್ತಿಲ್ಲ ಎಂಬ ಸುದ್ದಿ ಬಂತು. ಒಂದು ಬೆಳಿಗ್ಗೆ ಬಂದವರೇ ಮೆಕ್ಯಾನಿಕ್ ಅಣ್ಣನನ್ನು ಕೂಗಿ, ಎಲ್ಲರೆದುರು ಹೇಳಿದರು: "ಕಿತ್ತಾಕು! ಎರಡನ್ನೂ ಕಿತ್ತಾಕು! ಪೈಪು ಕತ್ತರಿಸಬೇಕಾ, ಕತ್ತರಿಸು. ಏನಾಗುತ್ತೋ ಆಗ್ಲಿ!"

ಕೋಣೆಗೆ ಕೋಣೆಯೇ ದಂಗಾಯಿತು. ಒಡೆದ ಕಿಟಕಿಗೆ ಗಾಜು ಹಾಕಿಸಲು ಹೆದರುತ್ತಿದ್ದ ಮನುಷ್ಯನೇ ಇವನು? ಉಬ್ಬಕ್ಕನಿಗೂ ನಂಬಲಾಗಲಿಲ್ಲ. ಮೆಕ್ಯಾನಿಕ್ ಅಣ್ಣ ಬಾಯಿಮಾತಿಗೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಡೆದುಹೋಯಿತಲ್ಲ! ಅವಳಿಗೆ ಅಂದು ಮೇಜಿನ ಹಿಂದೆ ಕುಣಿಯಬೇಕು ಅನ್ನಿಸಿತು. ಕುಣಿಯಲಿಲ್ಲ, ಮುಖ ಸಪ್ಪಗೆ ಮಾಡಿಕೊಂಡು ಮಡಿಸಿದಳು.

ಮೊದಲು ಒಂದನೇ ರೋಲರು ಕೀಳುವುದು, ಹೊಸದು ಕೂತ ಮೇಲೆ ಎರಡನೆಯದು ಎಂದು ಗೊತ್ತಾಯಿತು. ಒಂದನೆಯದನ್ನು ಕಿತ್ತ ದಿನಗಳಲ್ಲಿ ಅಟ್ಟಿ ಇನ್ನೂ ಕುಸಿಯಿತು. ಸಾಕಪ್ಪನವರ ತಾಳ್ಮೆಯೂ ಕುಸಿಯಿತು. ಒಂದು ಸಂಜೆ ಮಡಿಸುವ ಮೇಜಿನ ಮುಂದೆ ನಿಂತು ಅವರು ಹೇಳಿದ್ದನ್ನು ಇಡೀ ಕೋಣೆ ಕೇಳಿಸಿಕೊಂಡಿತು.

"ಉಬ್ಬಕ್ಕ, ಯಂತ್ರ ಒಂದೇ ಕಾರಣ ಅಲ್ಲ. ನಿನ್ನ ಕೈ ಸೋತಿದೆ. ಹೊಸ ರೋಲರು ಓಡೋಕೆ ಶುರುವಾದ್ಮೇಲೂ ಅಟ್ಟಿ ಏಳ್ಲಿಲ್ಲ ಅಂದ್ರೆ ಈ ಮೇಜಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡ."

"ಆಗ್ಲಿ ಯಜಮಾನ್ರೇ" ಎಂದಳು ಅವಳು, ತಲೆ ಎತ್ತದೆ. ಎರಡನೆಯದು ಕಿತ್ತುಹೋಗಲಿ, ಆಮೇಲೆ ನನ್ನನ್ನೂ ಕಿತ್ತುಹಾಕಲಿ, ಯಾರು ಬೇಡ ಎಂದರು ಎಂದು ಅವಳ ಲೆಕ್ಕ. ರೋಲರಿನ ಮುಂದೆ ನಿಂತಿದ್ದ ಚಟಾಕಿ ಮಾತ್ರ ಅಂದು ಒಂದೂ ಚಟಾಕಿ ಹಾರಿಸಲಿಲ್ಲ.

ಮನೆಯಲ್ಲಿ ಉಣ್ಣುವಾಗ ತಂಗಿ ಕೇಳಿದಳು: "ಅಕ್ಕಾ, ಕೈ ತುಂಬಾ ನೋಯ್ತಾ? ಡಾಕ್ಟ್ರ ಹತ್ರ ಹೋಗೋಣ್ವಾ?"

"ನನ್ನ ಕೈ ನಾನು ನೋಡ್ಕೋತೀನಿ. ನೀನು ನಿನ್ನ ಕೈ ನೋಡ್ಕೋ. ಆ ಪಟ್ಟಿ ಹತ್ರ ಹುಷಾರು. ಬಾಯ್ಮುಚ್ಕೊಂಡು ಊಟ ಮಾಡು."

"ಕೆಲಸದಿಂದ ತೆಗೆದ್ರೆ?"

"ತೆಗೀಲಿ. ಮನೇಲಿ ಕೂತು ನಿನ್ನ ತಲೆ ತಿಂತೀನಿ" ಎಂದು ಅಕ್ಕ ನಕ್ಕಳು. ಅವಳು ಎಂದೂ ಹಾಗೆ ನಗುವವಳಲ್ಲ. ತಂಗಿಗೆ ಅದು ನೋವು ನುಂಗಿದ ನಗು ಎಂದೇ ಕಂಡಿತು. ಅಮ್ಮನೂ ತಟ್ಟೆಯಿಂದ ತಲೆಯೆತ್ತಿ ನೋಡಿದಳು.

ಹೊಸ ರೋಲರು ಬಂತು. ಅದರ ಪಟ್ಟಿಗೆ ಬೆರಳ ತುದಿ ಸೋಕಿದರೂ ತಟ್ಟೆಂದು ನಿಲ್ಲುತ್ತಿತ್ತು. ಶೀಟುಗಳು ಸರಸರ ಬಂದವು, ಅಟ್ಟಿ ಮೆಲ್ಲಗೆ ಏರಿತು. ಉಬ್ಬಕ್ಕ ಚಪ್ಪಟೆಯಾಗಿಯೇ ಮಡಿಸಿದಳು. ಗೆರೆಗೆ ಇನ್ನೂ ಬೇಕಾದಷ್ಟು ಜಾಗ ಇದೆ, ಎರಡನೆಯದು ಬಂದ ಮೇಲೆ ಅದೂ ತುಂಬುತ್ತದೆ ಎಂದುಕೊಂಡಳು. ಸಂಜೆ ಕೊನೆಯಲ್ಲಿ ಅವಳು ಡ್ರೈವರನ ಜೊತೆ ಟವಲುಗಳ ತಳ್ಳುಗಾಡಿ ಹಿಡಿದು ಕೆಳಗೆ ಹೋಗುವುದು ವಾಡಿಕೆ. ವಾಪಸು ಬಂದು ನೋಡಿದರೆ ಅಟ್ಟಿ ಗೆರೆಯ ಹತ್ತಿರ ಹತ್ತಿರ ಬಂದಿರುತ್ತಿತ್ತು. ಹೊಸ ಯಂತ್ರ ಏನು ಜೋರು ಎಂದುಕೊಂಡಳು. ಅಲ್ಲ, ಇಷ್ಟು ವರ್ಷ ಮಡಿಸಿದ ಕೈ, ಒಂದು ಸಲ ಆ ಅಟ್ಟಿಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಬಾರದಿತ್ತೇ? ನೋಡಲಿಲ್ಲ. ಗೆಲ್ಲುತ್ತಿದ್ದೇನೆ ಎಂದುಕೊಂಡವರು ಯಾರೂ ಒತ್ತಿ ನೋಡುವುದಿಲ್ಲ.

ಎರಡನೇ ರೋಲರು ಕೀಳಬೇಕಾದ ದಿನ ಮೆಕ್ಯಾನಿಕ್ ಅಣ್ಣ ಸ್ಪ್ಯಾನರುಗಳ ಪೆಟ್ಟಿಗೆ ಹೊತ್ತು ಮೇಲೆ ಬಂದ. ಅವನ ಹಿಂದೆಯೇ ಸಾಕಪ್ಪನವರು. ಹಿಂದಿನ ಸಂಜೆ ಅವರು ಮೇಲೆ ಬಂದಿರಲಿಲ್ಲ, ಅಂದಿನ ಅಟ್ಟಿ ಇನ್ನೂ ಇಳಿಸದೆ ಹಾಗೇ ಇತ್ತು. ಅವರು ಕತ್ತೆತ್ತಿ ನೋಡಿದರು. ಮುಖ ಅರಳಿತು.

"ಮುಟ್ಟಿಬಿಟ್ಟಿದೆಯಲ್ಲೋ!"

"ಹೌದು ಸ್ವಾಮಿ. ಇದನ್ನೂ ಹಾಕಿಬಿಟ್ರೆ ದಾಟುತ್ತೆ" ಎಂದ ಅಣ್ಣ.

"ದಾಟಿ ಏನಾಗ್ಬೇಕು? ಒಂದರಲ್ಲೇ ಮುಟ್ಟಿದೆ. ಮತ್ತೆ ಪೈಪು ಕತ್ತರಿಸೋದು, ಮತ್ತೆ ಆಸ್ಪತ್ರೆಯವರ ಹತ್ರ ಬೈಸ್ಕೊಳ್ಳೋದು ಯಾಕೆ? ಮುಟ್ಟಿದೆಯಲ್ಲ. ಸಾಕಪ್ಪ."

ಅಣ್ಣ ಪೆಟ್ಟಿಗೆ ಕೆಳಗಿಡದೆ ಹಾಗೇ ನಿಂತ. ಉಬ್ಬಕ್ಕ ಮೇಜು ಬಿಟ್ಟು ಓಡಿಬಂದಳು. "ಯಜಮಾನ್ರೇ, ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಹಾಕಿಸಿಬಿಡಿ. ಅದರ ಪಟ್ಟಿ ನಿಲ್ಲಲ್ಲ. ನಮ್ಮ ಹುಡುಗಿ ಅಲ್ಲಿ ನಿಂತಿರ್ತಾಳೆ."

"ನೋಡ್ದ್ಯಾ, ನಿನ್ನ ಕೈಯೂ ಸರಿಹೋಗಿದೆ. ಇನ್ನೇನು? ಹೋಗಮ್ಮ, ಮಡಿಸು ಹೋಗು" ಎಂದರು ಸಾಕಪ್ಪನವರು. ಎಷ್ಟೋ ದಿನಗಳ ಮೇಲೆ ಅವರ ದನಿಯಲ್ಲಿ ಪ್ರೀತಿ ಇತ್ತು. ಅವರು ನಿಜಕ್ಕೂ ಅವಳಿಗೆ ಒಳ್ಳೆಯ ಸುದ್ದಿ ಹೇಳುತ್ತಿದ್ದೇನೆ ಎಂದುಕೊಂಡಿದ್ದರು.

ಅವಳು ತಂಗಿಯ ಹತ್ತಿರ ಹೋಗಿ, ಜಾಗ ಅದಲುಬದಲು ಮಾಡಿಕೊಳ್ಳೋಣ, ನೀನು ಮೇಜಿಗೆ ಬಾ, ನಾನು ಇಲ್ಲಿ ನಿಲ್ಲುತ್ತೇನೆ ಎಂದಳು. "ಆ ಕೈ ಇಟ್ಕೊಂಡು ನೀನಿಲ್ಲಿ ನಿಲ್ತೀಯಾ? ಚೆನ್ನಾಗಿದೆ!" ಎಂದು ಚಟಾಕಿ ಅವಳನ್ನು ಭುಜ ಹಿಡಿದು ತಿರುಗಿಸಿ ಮೇಜಿಗೆ ಕಳಿಸಿದಳು. ನೋಯುವ ಕೈ ಎಂಬ ಸುಳ್ಳು ಹೇಳಿದವಳು ಅದಕ್ಕೆ ಏನೆಂದು ಉತ್ತರ ಕೊಟ್ಟಾಳು? ಯಜಮಾನರು ಅಲ್ಲೇ ನಿಂತಿದ್ದರು, ನಿಜ ಹೇಳಲು ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು. ಅಟ್ಟಿ ಇಷ್ಟೊಂದು ಹೇಗೆ ಏರಿತು, ಇದನ್ನು ಮತ್ತೆ ಹೇಗೆ ಇಳಿಸುವುದು ಎಂದು ತಲೆ ಕೆಡಿಸಿಕೊಂಡು ಮಡಿಸುತ್ತಿದ್ದಳು. ಚಪ್ಪಟೆಯಾಗಿ ಮಡಿಸಿದ್ದನ್ನು ಅದಕ್ಕಿಂತ ಚಪ್ಪಟೆ ಮಾಡುವುದಾದರೂ ಹೇಗೆ?

ನಾಳೆ ಬರಲಿಲ್ಲ. ಅದೇ ಮಧ್ಯಾಹ್ನ, ಊಟ ಮುಗಿದು ಎಲ್ಲರೂ ಮೇಲೆ ಬಂದು ಸ್ವಲ್ಪ ಹೊತ್ತಾಗಿತ್ತು. ಕಿಟಕಿಯಿಂದ ಬಿಸಿಲು ಬಂದು ಹಬೆಯ ಮೇಲೆ ಬಿದ್ದಿತ್ತು, ಯಾರೋ ಕೆಮ್ಮಿದರು, ಯಾರೋ ಕುಡಿಯುವ ನೀರು ಕೇಳಿದರು. ಚಟಾಕಿ ಹಿಡಿದ ಶೀಟಿನ ಮೂಲೆ ಒಳಮಡಚಿತು. ಅದನ್ನು ಬಿಡಿಸಲು ಅವಳು ಬಲಗೈ ಚಾಚಿದಳು. ಕೈ ಪಟ್ಟಿಗೆ ತಾಗಿತು. ರೋಲರು ತನ್ನ ಪಾಡಿಗೆ ತಾನು ಹೊರಳಿತು.

ಉಬ್ಬಕ್ಕ ಕೇಳಿದ್ದು ತಂಗಿಯ ಕೂಗನ್ನಲ್ಲ, ಜೋಡಿಯವಳ ಕೂಗನ್ನು. ತಂಗಿ ಕೂಗಲೇ ಇಲ್ಲ. ಬಾಯಿ ತೆರೆದುಕೊಂಡು, ಇದೇನಿದು ಎಂಬಂತೆ ತನ್ನ ತೋಳನ್ನೇ ನೋಡುತ್ತಿದ್ದಳು. ಮಾತಿಗೆ ಎಂದೂ ಬರವಿಲ್ಲದ ಆ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ಅಕ್ಕ ಎಷ್ಟು ಮೇಜು ಹಾರಿದಳೋ, ಯಾರನ್ನು ತಳ್ಳಿದಳೋ, ಅವಳಿಗೆ ನೆನಪಿಲ್ಲ. ಮೆಕ್ಯಾನಿಕ್ ಅಣ್ಣ ಓಡಿಬಂದು ಹಬೆ ಬಿಟ್ಟು, ರೋಲರನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದ. ಕೈ ಹೊರಗೆ ಬಂದದ್ದನ್ನು ಕಂಡು ದೊಡ್ಡಮ್ಮ ಅಲ್ಲೇ ಕುಸಿದು ಕೂತಳು. ಅದೇ ವ್ಯಾನಿನಲ್ಲಿ, ಒಗೆದ ಬಟ್ಟೆಗಳ ನಡುವೆ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದರು. ಹೆಬ್ಬೆರಳು ಉಳಿಯಿತು. ಮಿಕ್ಕವು ಉಳಿಯಲಿಲ್ಲ.

ಮರುದಿನ ಸಾಕಪ್ಪನವರು ಎರಡನೇ ರೋಲರು ಕೀಳಿಸಿದರು! ಯಾರೂ ಕೇಳಬೇಕಾಗಲಿಲ್ಲ. ಪೈಪು ಕತ್ತರಿಸಿದರು, ಪಕ್ಕದ ಗೋಡೆಯನ್ನೂ ಒಡೆಸಿದರು, ಆಸ್ಪತ್ರೆಯವರ ಬೈಗುಳವನ್ನೂ ತಿಂದರು. ಅಬ್ಬಬ್ಬಾ, ಆಗ ಎಲ್ಲಿಂದ ಬಂತೋ ಧೈರ್ಯ! ಹುಡುಗಿಯ ಕೈಗಾಗಿ ಬಂತೋ, ಕೆಲಸ ನಿಂತು ಅಂದು ಅಟ್ಟಿ ನೆಲಕ್ಕೆ ಬಿದ್ದದ್ದಕ್ಕೆ ಬಂತೋ, ಅವರ ಮನಸ್ಸಿಗೇ ಗೊತ್ತು. ಆಸ್ಪತ್ರೆಯ ಬಾಗಿಲಲ್ಲಿ ಬಂದು ನಿಂತು ಅತ್ತರು. ಅಮ್ಮ ಅವರಿಗೆ ಕೂರಲು ಕುರ್ಚಿ ಕೊಟ್ಟಳು. ಉಬ್ಬಕ್ಕ ಅವರ ಮುಖ ನೋಡಲಿಲ್ಲ. ನೋಡಿದರೆ ತಾನು ಏನು ಮಾಡಿಬಿಡುತ್ತೇನೋ ಎಂದು ಅವಳಿಗೇ ಭಯವಾಗಿತ್ತು.

ಕೆಲವು ದಿನ ಚಟಾಕಿ ಮಾತೇ ಆಡಲಿಲ್ಲ. ಒಂದು ಬೆಳಿಗ್ಗೆ, ಅಮ್ಮ ಬಟ್ಟೆ ತರಲು ಮನೆಗೆ ಹೋಗಿದ್ದಾಗ, ಕಣ್ಣು ಬಿಟ್ಟು ಅಕ್ಕನನ್ನು ಹತ್ತಿರ ಕರೆದಳು.

"ಅಕ್ಕಾ, ನಿನ್ನ ಕೆಲಸ ಇದೆ ತಾನೇ?"

"ಅದ್ಯಾಕೀಗ? ಸುಮ್ನೆ ಮಲಕ್ಕೋ."

"ಇದ್ಯಾ ಇಲ್ವಾ ಹೇಳು."

"ಇದೆ ಕಣೇ."

ತಂಗಿಯ ಮುಖದಲ್ಲಿ ಹಳೆಯ ತುಂಟತನ ಮೂಡಿತು. ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. "ಹಾಗಾದ್ರೆ ಈಗ ಹೇಳ್ತೀನಿ. ಬೈಬಾರ್ದು. ಚಟಾಕಿ ಹೊಟ್ಟೇಲಿ ಗುಟ್ಟು ನಿಲ್ಲಲ್ಲ ಅಂತೀಯಲ್ಲ, ಎಷ್ಟು ದಿನ ನಿಂತಿದೆ ನೋಡು! ನಿನ್ನ ಕೈ ಹೋಯ್ತಲ್ಲ, ಸಾಕಪ್ಪ ನಿನ್ನ ತೆಗೀತೀನಿ ಅಂದ್ರಲ್ಲ, ನೀನು ಸಂಜೆ ಗಾಡಿ ತಳ್ಕೊಂಡು ಕೆಳಗೆ ಹೋದಾಗ ನಾನು ನಿನ್ನ ಅಟ್ಟೀನೆಲ್ಲ ಬಿಚ್ಚಿ ಉಬ್ಬಿಸಿ ಇಡ್ತಿದ್ದೆ. ನೀನು ಮನೇಲಿ ನಮ್ಮ ಬಟ್ಟೆ ಮಡಿಸೋದು ನೋಡಿ ನೋಡಿ ಯಾವಾಗ್ಲೋ ಬಂದಿತ್ತು ನಂಗೆ. ಕೋಣೆಯ ಹೆಂಗಸರೆಲ್ಲ ಕೈ ಹಾಕಿದ್ರು. ದೊಡ್ಡಮ್ಮ ಬಾಗಿಲು ಕಾಯ್ತಿದ್ರು. ಇದೆಲ್ಲ ಆಗೋ ಹಿಂದಿನ ದಿನ ಸಂಜೆ ನಾನೇ ಹಟ ಹಿಡಿದು ಗೆರೆ ಮುಟ್ಟಿಸಿದ್ದು. ಮುಟ್ಟಿದ ಮೇಲೆ ಸಾಕಪ್ಪ ನಿನ್ನ ಮುಟ್ಟೋ ಹಾಗಿಲ್ಲ ಅಂತ."

ಉಬ್ಬಕ್ಕ ಮಂಚದ ಕಬ್ಬಿಣದ ಕಂಬಿ ಹಿಡಿದುಕೊಂಡಳು. ಎದುರಿನ ಗೋಡೆ, ಪಕ್ಕದ ಮಂಚದ ಮುದುಕಿ, ಬಾಗಿಲಲ್ಲಿ ಹಾದುಹೋದ ನರ್ಸು, ಎಲ್ಲವೂ ಇದ್ದಲ್ಲೇ ಇದ್ದವು. ಹೇಳಬೇಕೇ? ನನ್ನ ಕೈಗೆ ಏನೂ ಆಗಿರಲಿಲ್ಲ ಕಣೇ, ಬೇಕೆಂದೇ ಬೀಳಿಸಿದ್ದೆ, ನಿನ್ನ ಕೈಗೋಸ್ಕರ ಬೀಳಿಸಿದ್ದೆ ಎಂದು ಈ ಹುಡುಗಿಗೆ ಈಗ ಹೇಳಬೇಕೇ?

"ಯಾಕೆ ಹಾಗ್ ನೋಡ್ತೀಯ? ಖುಷಿ ಆಗ್ಲಿಲ್ವಾ?"

"ಆಯ್ತು ಕಣೇ" ಎಂದಳು ಅಕ್ಕ. "ತುಂಬಾ ಖುಷಿ ಆಯ್ತು."

"ಮತ್ತೆ! ಸುಮ್ನೆ ಅಂದ್ಕೊಂಡ್ಯಾ ನನ್ನ?" ಎಂದು ಚಟಾಕಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿನ ಮೇಲೆ, ಅರೆನಿದ್ದೆಯಲ್ಲಿ, "ನಿನ್ನ ಕೈ ಈಗ ಹೇಗಿದೆ ಅಕ್ಕಾ?" ಎಂದು ಕೇಳಿದಳು.